ಬೀವರ್ ಬೇಡವೆಂದ ಓದುಗ

"ಮೂರು ವಾರ ಟೈಮ್ ಕೊಟ್ಟಿದ್ದೆ ನಿಂಗೆ, ವರ್ಲಿನ್. ಮೂರು ವಾರದಲ್ಲಿ ಕೋಳಿ ಮೊಟ್ಟೆಯೊಡೆದು ಮರಿ ಆಚೆ ಬರುತ್ತೆ. ನಿನ್ನ ಕೈಲಿ ಒಂದು ಕಿಟಕಿ ತೆಗೆಯೋಕಾಗ್ಲಿಲ್ಲ."

"ತೆಗೀತಾನೇ ಇದ್ದೀನಲ್ಲ ಲೊರೇನ್. ತೆಗೆದ ತಕ್ಷಣ ಅದೇ ಮುಚ್ಕೊಳ್ಳುತ್ತೆ. ನಾನೇನ್ ಮಾಡ್ಲಿ, ಕಾಲು ಅಡ್ಡ ಇಡ್ಲಾ?"

"ಕಾಲಾದ್ರೂ ಇಡು, ತಲೆನಾದ್ರೂ ಇಡು. ಇವತ್ತು ಎರಡು ಗಂಟೆಗೆ ನಮ್ಮ ಮೊದಲ ಪಾಳಿ. ನಮ್ಮ ದೀಪ ಹತ್ತಲಿಲ್ಲ ಅಂದ್ರೆ ಪುಸ್ತಕದ ಬಸ್ಸಿನ ಬೀಗದಕೈ ನಿನ್ನ ಜೇಬಲ್ಲಿರುತ್ತೆ. ಹೇಳಿಲ್ಲ ಅನ್ನಬೇಡ."

ಹೀಗೆಂದು ಲೊರೇನ್ ಕುಬಿಯಾಕ್ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಲ್ಡರ್ ಫಾಲ್ಸ್ ಕೌಂಟಿ ಗ್ರಂಥಾಲಯದ ಮುಖ್ಯಸ್ಥೆ ಆಕೆ. ಬಾಗಿಲು ಹಾಕಿದ ಸದ್ದಿಗೆ ಗೋಡೆಯ ಮೇಲಿದ್ದ ಸ್ಥಾಪಕರ ಚಿತ್ರ ವಾಲಿಕೊಂಡಿತು.

ವರ್ಲಿನ್ ತೋರ್ಸನ್ ಮುಖ ಊದಿಸಿಕೊಂಡು ಕಂಪ್ಯೂಟರ್ ಮುಂದೆ ಕೂತ. ಐವತ್ತೆಂಟು ವರ್ಷದ ಮನುಷ್ಯ. ಊರವರು ಕೇಳಿದ್ದಕ್ಕೆಲ್ಲ ಪುಸ್ತಕ ತೆಗೆದು ಉತ್ತರ ಹೇಳುವುದು ಅವನ ಕೆಲಸ. ಕಾಲ ಬುಡದಲ್ಲೇ ಬಿಸಿಗಾಳಿಯ ಕಿಂಡಿ, ಕೈಯಳತೆಯಲ್ಲಿ ಕಾಫಿ. ಆ ಮೇಜು ಬಿಟ್ಟು ಸ್ವರ್ಗಕ್ಕೆ ಬಾ ಎಂದರೂ ಅಲ್ಲಿ ಹೀಟರ್ ಹೇಗಿದೆ ಎಂದು ಕೇಳುವ ಜಾತಿಯವನು. ಹಳ್ಳಿಹಳ್ಳಿಗೆ ಪುಸ್ತಕ ಹೊತ್ತು ತಿರುಗುವ ಬಸ್ಸಿನ ಹೀಟರ್ ಹೇಗಿದೆ ಎಂಬುದಂತೂ ಕೌಂಟಿಗೆಲ್ಲ ಗೊತ್ತು. ಅದರ ಬಿಸಿಗಾಳಿ ಮಕ್ಕಳ ಪುಸ್ತಕದ ಕಪಾಟಿಗೆ ಮಾತ್ರ ಹೊಡೆಯುತ್ತದೆ, ಡ್ರೈವರಿನ ಕಡೆ ತಿರುಗಿಯೂ ನೋಡುವುದಿಲ್ಲ. ಹಳೆಯ ಡ್ರೈವರು ಮಂಡಿನೋವೆಂದು ಕೆಲಸ ಬಿಟ್ಟು ಬಿಸಿಲಿನ ಫ್ಲಾರಿಡಾಕ್ಕೆ ಹೋದವನು ಕ್ರಿಸ್‌ಮಸ್ ಕಾರ್ಡಿನಲ್ಲಿ ಸಮುದ್ರದ ಚಿತ್ರ ಕಳಿಸಿದ್ದ. ಈಗ ಜನವರಿ. ಹೊರಗೆ ಹಿಮ ಅಂಚೆಪೆಟ್ಟಿಗೆಯ ಕುತ್ತಿಗೆವರೆಗೆ ಬಂದಿತ್ತು.

ಇಷ್ಟಕ್ಕೆಲ್ಲ ಕಾರಣ ಕಂಪ್ಯೂಟರ್ ಪರದೆಯ ಮೇಲಿನ ಒಂದು ಅಂಗೈಯಗಲದ ಕಿಟಕಿ. ಸುತ್ತಲಿನ ಕೌಂಟಿಗಳ ಗ್ರಂಥಾಲಯಗಳೆಲ್ಲ ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದವು. ಓದುಗರು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪ್ರಶ್ನೆ ಬರೆಯಬೇಕು, ಪಾಳಿಯಲ್ಲಿದ್ದ ಗ್ರಂಥಪಾಲಕ ಆ ಕ್ಷಣವೇ ಉತ್ತರ ಬರೆಯಬೇಕು. ಪಾಳಿಯವನು ಒಳಗೆ ಬಂದನೆಂದರೆ ಈ ಏರ್ಪಾಡಿನ ಜಂಟಿ ಕಚೇರಿಯ ಪರದೆಯಲ್ಲಿ ಆ ಗ್ರಂಥಾಲಯದ ದೀಪ ಹತ್ತುತ್ತಿತ್ತು. ಅದಕ್ಕೆ ಬ್ರೌಸರಿನಲ್ಲಿ ಏನೇನೋ ಸೆಟ್ಟಿಂಗ್ ಬದಲಾಯಿಸಬೇಕಿತ್ತು. ಹಾಗೆ ಮಾಡದಿದ್ದರೆ ಮಾತಿನ ಕಿಟಕಿ ಆಮೆಯ ತಲೆಯ ಹಾಗೆ ಹೊರಗೆ ಇಣುಕಿ ಒಳಗೆ ಹೋಗಿಬಿಡುತ್ತಿತ್ತು.

ಲೊರೇನ್ ರಾಜಧಾನಿಗೆ ಹೋಗಿ ತರಬೇತಿ ಮುಗಿಸಿಕೊಂಡು ಬಂದು ಎಲ್ಲರಿಗೂ ಪಾಠ ಮಾಡಿದ್ದಳು. ಓದುಗ ಕೇಳಿದ ತಕ್ಷಣ ಉತ್ತರ ಕೊಡಬಾರದು, ಅವನಿಗೆ ನಿಜವಾಗಿ ಏನು ಬೇಕೆಂದು ಮರುಪ್ರಶ್ನೆ ಹಾಕಬೇಕು. ಅವನು ಬೈದರೂ ನಾವು ಧನ್ಯವಾದ ಹೇಳಬೇಕು. ನಮ್ಮ ಹೆಸರು ಹೇಳಬಾರದು. ಎಲ್ಲಕ್ಕಿಂತ ಮುಖ್ಯ, ಮಾತು ಮುಗಿಸುವುದು ಓದುಗ, ನಾವಲ್ಲ. ವರ್ಲಿನ್ ಇದನ್ನೆಲ್ಲ ಬಾಯಿಪಾಠ ಮಾಡಿದ್ದ. ಪಾಠ ಬಂದಿತ್ತು, ಕಿಟಕಿ ಬಂದಿರಲಿಲ್ಲ.

"ನಿನ್ನ ಬ್ರೌಸರ್ ಪಾಪ್‌ಅಪ್ ತಡೀತಿದೆ ಕಣೋ," ಎಂದಳು ಆರ್ಡಿಸ್. ಪುಸ್ತಕ ಕೊಡುವ, ವಾಪಸ್ ಪಡೆಯುವ ಕಟ್ಟೆಯಲ್ಲಿ ಕೂರುವವಳು. ಊರಿನಲ್ಲಿ ಯಾರ ಮನೆಯಲ್ಲಿ ಏನು ತಡೆದಿದೆ ಎಂಬುದೆಲ್ಲ ಅವಳಿಗೆ ಗೊತ್ತು. "ಎಲ್ಲಕ್ಕೂ ಬಾ ಅಂತ ಹೇಳ್ಬಿಡು. ನನ್ನ ತಂಗಿ ಮನೇಲಿ ಹಂಗೇ ಮಾಡಿರೋದು."

ವರ್ಲಿನ್ ಎಲ್ಲಕ್ಕೂ ಬಾ ಎಂದ. ಎಲ್ಲವೂ ಬಂದವು. ಕಾಲಿನ ಆಣಿಗೆ ಮುಲಾಮು, ಹಡಗಿನ ಪ್ರವಾಸ, ಬೊಕ್ಕತಲೆಗೆ ಔಷಧಿ. ಹಂದಿಗೂಡಿನ ಬಾಗಿಲು ತೆಗೆದ ಹಾಗೆ ಕಿಟಕಿಗಳು ಒಂದರ ಮೇಲೊಂದು ನುಗ್ಗಿದವು. ಬೇಕಾದದ್ದೊಂದು ಬರಲಿಲ್ಲ.

ಫ್ಲೂಗರ್ ಕನ್ನಡಕ ಏರಿಸಿಕೊಂಡು ಎದ್ದು ಬಂದ. ಹಾಲಿನ ಡೈರಿ ಮಗನಿಗೆ ಬಿಟ್ಟುಕೊಟ್ಟ ಮೇಲೆ ಈ ಮುದುಕ ದಿನಾ ಬಾಗಿಲು ತೆಗೆಯುವ ಮೊದಲೇ ಬಂದು, ಪೇಪರ್ ಓದುವ ನೆಪದಲ್ಲಿ ಗ್ರಂಥಾಲಯ ನಡೆಸುತ್ತಿದ್ದ.

"ಈ ಬೊಕ್ಕತಲೆದು ನಿಂಗೇ ಅಂತ ಬಂದಿದೆ ನೋಡಯ್ಯ," ಎಂದ.

"ಫ್ಲೂಗರ್, ನಿಮ್ಮ ಪೇಪರ್ ಅಲ್ಲಿದೆ."

"ಪೇಪರ್ ಎಲ್ಲೂ ಓಡಿಹೋಗಲ್ಲ. ನನ್ನ ಅಳಿಯ ಏನ್ ಮಾಡ್ತಾನೆ ಗೊತ್ತಾ? ಕೆಟ್ಟಾಗ ಎಲ್ಲಾ ಅಳಿಸಿಬಿಡ್ತಾನೆ. ಕುಕಿ, ಗಿಕಿ, ಎಲ್ಲಾ. ಹಸುವಿನ ಕೊಟ್ಟಿಗೆ ತೊಳೆದ ಹಾಗೆ. ಅಲ್ಲಿ ನೋಡು, ಎಲ್ಲ ಮೊದಲಿನ ಹಾಗೆ ಮಾಡು ಅನ್ನೋ ಗುಂಡಿ ಇದೆ. ಒತ್ತು."

ಮುದುಕನ ಮಾತು ಕೇಳಬಾರದಿತ್ತು. ಆದರೆ ಮುಲಾಮಿನ ಕಿಟಕಿ ಮುಚ್ಚಿ ಮುಚ್ಚಿ ವರ್ಲಿನ್‌ಗೆ ಬೆರಳು ನೋವು ಬಂದಿತ್ತು. ಒತ್ತಿದ.

ಕೊಟ್ಟಿಗೆ ಶುದ್ಧವಾಯಿತು. ಜಾಹೀರಾತು ಹೋದವು. ಗ್ರಂಥಪಾಲಕರು ಪಾಳಿಗೆ ಒಳಹೋಗುವ ಪುಟವೂ ಸೇರಿ, ಮೂರು ವಾರದಿಂದ ಅವನು ಗುರುತು ಹಾಕಿಟ್ಟ ಪುಟಗಳೂ ಹೋದವು. ಅದೇ ಕಂಪ್ಯೂಟರಿನಲ್ಲಿ ಆರ್ಡಿಸ್ ಆನ್‌ಲೈನ್ ಹರಾಜಿನಲ್ಲಿ ಹಳೆಯ ಹೊಲಿಗೆ ಯಂತ್ರವೊಂದಕ್ಕೆ ಬೆಲೆ ಕೂಗುತ್ತಿದ್ದಳು. ಅವಳ ಗುಪ್ತಪದ ಬ್ರೌಸರಿಗೆ ಗೊತ್ತಿತ್ತೇ ಹೊರತು ಅವಳಿಗೆ ಗೊತ್ತಿರಲಿಲ್ಲ. ಅದೂ ಹೋಯಿತು.

"ಇವತ್ತು ಮಧ್ಯಾಹ್ನಕ್ಕೆ ಹರಾಜು ಮುಗಿಯುತ್ತೆ ಕಣೋ ಪಾಪಿ," ಎಂದಳು ಆರ್ಡಿಸ್. ಅವಳ ದನಿ ತಣ್ಣಗಿತ್ತು. ಆ ದನಿಗಿಂತ ಕಿರುಚಿದ್ದರೇ ಚೆನ್ನಾಗಿತ್ತು. "ನಿನ್ನ ಊಟದ ಡಬ್ಬಿ ಎಲ್ಲಿದೆ?"

"ಯಾಕೆ?"

"ಎಲ್ಲಿದೆ ಅಂತ ಕೇಳ್ದೆ."

ಆ ದಿನ ವರ್ಲಿನ್ ತಂದಿದ್ದ ಟರ್ಕಿ ಮಾಂಸದ ಸ್ಯಾಂಡ್‌ವಿಚ್ಚನ್ನು ಆರ್ಡಿಸ್ ಅವನ ಎದುರಿಗೇ ನಿಂತು ನಿಧಾನವಾಗಿ ತಿಂದಳು. ಅವನಿಗೂ ಅದು ನ್ಯಾಯವೇ ಎನಿಸಿತು. ಅಲ್ಲದೆ ಎರಡು ಗಂಟೆ ಹತ್ತಿರ ಬರುತ್ತಿತ್ತು.

ಈಗ ಬ್ರೌಸರ್ ತೆಗೆದರೆ ಉಳಿದಿದ್ದದ್ದು ಒಂದೇ, ಗ್ರಂಥಾಲಯದ ಮುಖಪುಟ. ಅದರ ನಡುವೆ 'ಗ್ರಂಥಪಾಲಕರೊಂದಿಗೆ ಮಾತು' ಎಂಬ ದಪ್ಪನೆಯ ಹಸಿರು ಗುಂಡಿ. ಇಷ್ಟು ದೊಡ್ಡದಾಗಿ ಕಣ್ಣೆದುರಿಗೇ ಇದ್ದುದನ್ನು ಬಿಟ್ಟು ಮೂರು ವಾರ ಎಲ್ಲೆಲ್ಲೋ ತಡಕಾಡಿದೆನಲ್ಲ ಎಂದುಕೊಂಡ ವರ್ಲಿನ್. ಆ ತಾಣವನ್ನು ನಂಬಿಕಸ್ಥರ ಪಟ್ಟಿಗೆ ಸೇರಿಸಿದ. ಅದೊಂದರ ಪಾಪ್‌ಅಪ್‌ಗೆ ಮಾತ್ರ ಅಪ್ಪಣೆ ಕೊಟ್ಟ. ಬ್ರೌಸರ್ ಮುಚ್ಚಿ ತೆಗೆದ. ಗುಂಡಿ ಒತ್ತಿದ.

ಕಿಟಕಿ ತೆರೆಯಿತು. ತೆರೆದೇ ಇತ್ತು.

ಹೆಸರು ಕೇಳಿತು. ಹೆಸರು ಹೇಳಬಾರದೆಂದು ಪಾಠವಾಗಿತ್ತು, ಖಾಲಿ ಬಿಟ್ಟ. ಪಿನ್‌ಕೋಡ್ ಕೇಳಿತು, ಕೊಟ್ಟ. ಕೊನೆಗೆ ಏನಾದರೂ ಬರೆ ಎಂಬಂತೆ ಒಂದು ಖಾಲಿ ಚೌಕ ಬಂತು. ಕಲಿತ ಹಾಗೆ ಬರೆದ: 'ನಮಸ್ಕಾರ. ನಾನು ನಿಮಗೆ ಏನು ಸಹಾಯ ಮಾಡಲಿ?'

ಕಿಟಕಿಯ ತಲೆಯ ಮೇಲೆ 'ಗ್ರಂಥಪಾಲಕ' ಎಂಬ ಅಕ್ಷರಗಳು ಮೂಡಿದವು. ತನ್ನನ್ನೇ ಹಾಗೆ ಕರೆದಿದೆ ಎಂದು ವರ್ಲಿನ್ ಎದೆಯುಬ್ಬಿಸಿದ. ಎರಡು ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು ಅಷ್ಟೆ. ಆ ಕಡೆಯಿಂದ ಉತ್ತರವೂ ಬಂತು.

'ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ?'

"ಬಂದ, ಓದುಗ ಬಂದ," ಎಂದ ವರ್ಲಿನ್. ಫ್ಲೂಗರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ.

'ಪ್ರಶ್ನೆ ನಿಮ್ಮದಲ್ಲವೇ? ನೀವು ಏನು ಹುಡುಕುತ್ತಿದ್ದೀರಿ?' ಎಂದು ವರ್ಲಿನ್ ಬರೆದ.

'ನೀವು ಏನು ಹುಡುಕುತ್ತಿದ್ದೀರಿ ಎಂದು ಹೇಳಿದರೆ ಅನುಕೂಲವಾಗುತ್ತದೆ.'

"ಇವನಿಗೆ ತಾನು ಹುಡುಕ್ತಿರೋದು ಏನು ಅನ್ನೋದೇ ಗೊತ್ತಿಲ್ಲ," ಎಂದ ಫ್ಲೂಗರ್.

"ಯಾರಿಗೂ ಗೊತ್ತಿರಲ್ಲ. ಅದಕ್ಕೇ ನಾವಿರೋದು," ಎಂದು ವರ್ಲಿನ್ ತಾಳ್ಮೆಯಿಂದ ಬರೆದ: 'ಶಾಲೆಯ ಮನೆಗೆಲಸವೇ?'

'ಶಾಲೆಯ ಮನೆಗೆಲಸಕ್ಕೆ ಬೇಕಿತ್ತೇ? ನೀವು ಯಾವ ತರಗತಿ?'

'ನನಗೆ ಐವತ್ತೆಂಟು ವರ್ಷ.'

'ಕಲಿಯುವುದಕ್ಕೆ ವಯಸ್ಸಿನ ಹಂಗಿಲ್ಲ. ಯಾವ ತರಗತಿ?'

ವರ್ಲಿನ್‌ನ ಕಿವಿ ಕೆಂಪಾಯಿತು. ಬೈಯುವಂತಿಲ್ಲ. ಮುಚ್ಚುವಂತಿಲ್ಲ. ಓದುಗ ತಾನಾಗಿ ಮುಗಿಸಲೊಲ್ಲ. ಅರ್ಧ ಗಂಟೆ ಇಬ್ಬರೂ ಒಬ್ಬರಿಗೊಬ್ಬರು 'ಇನ್ನಷ್ಟು ವಿವರ ಕೊಡಿ' ಎಂದು ಬೇಡಿಕೊಂಡರು. ಬಾಗಿಲಲ್ಲಿ ನಿಂತು ನೀವು ಮೊದಲು ಹೋಗಿ, ನೀವು ಮೊದಲು ಹೋಗಿ ಎನ್ನುವ ಇಬ್ಬರು ಮರ್ಯಾದಸ್ಥರ ಹಾಗೆ, ಯಾರೂ ಒಳಗೆ ಹೋಗಲಿಲ್ಲ.

"ಬೀವರ್ ಅಂತ ಹಾಕು," ಎಂದ ಫ್ಲೂಗರ್. "ನಮ್ಮ ಹೊಳೆಗೆ ಅಣೆಕಟ್ಟು ಕಟ್ಟುತ್ತಲ್ಲ, ಆ ಪ್ರಾಣಿ. ಇಲ್ಲಿಗೆ ಬರೋ ಮಕ್ಕಳೆಲ್ಲ ಅದನ್ನೇ ಕೇಳ್ತಾವೆ."

ಬೇರೆ ದಾರಿಯಿರಲಿಲ್ಲ. 'ಬೀವರ್ ಬಗ್ಗೆಯೇ?' ಎಂದು ವರ್ಲಿನ್ ಬರೆದ.

ಆ ಕಡೆ ಅಣೆಕಟ್ಟೇ ಒಡೆಯಿತು. ಬೀವರಿನ ಹಲ್ಲು, ಬೀವರಿನ ಬಾಲ, ಬೀವರಿನ ಸಂಸಾರ, ಬೀವರ್ ಬಗ್ಗೆ ಇರುವ ಪುಸ್ತಕಗಳು, ಅವು ಯಾವ ಕಪಾಟಿನಲ್ಲಿವೆ, ಎಲ್ಲವೂ ಪುಟಗಟ್ಟಲೆ ಹರಿದುಬಂದವು.

'ಇಷ್ಟೆಲ್ಲ ಗೊತ್ತಿದ್ದ ಮೇಲೆ ನನ್ನನ್ನೇಕೆ ಕೇಳುತ್ತೀರಿ?' ಎಂದ ವರ್ಲಿನ್.

'ನಿಮಗಾಗಿಯೇ ಹುಡುಕಿದ್ದು. ಸಾಕೇ?'

'ನನಗೆ ಬೀವರ್ ಬೇಡ.'

'ಹಾಗಾದರೆ ನಿಮಗೆ ನಿಜವಾಗಿ ಏನು ಬೇಕು?'

ಮೂರು ಗಂಟೆಗೆ ಸ್ವಲ್ಪವೇ ಉಳಿದಿತ್ತು. ಹೊಟ್ಟೆಗೆ ಸ್ಯಾಂಡ್‌ವಿಚ್ ಬಿದ್ದಿದ್ದರೆ ವರ್ಲಿನ್ ತಡೆದುಕೊಳ್ಳುತ್ತಿದ್ದನೋ ಏನೋ. ತಲೆ ಕೆಟ್ಟು, ಕಲಿತದ್ದನ್ನೆಲ್ಲ ಮರೆತು ಕುಟ್ಟಿದ: 'ನಿಮ್ಮಂಥ ತಲೆಯವರನ್ನು ಗ್ರಂಥಾಲಯದ ಹೊಸಿಲೇ ದಾಟಿಸಬಾರದು.'

'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ. ಇನ್ನೇನಾದರೂ ಸಹಾಯ ಬೇಕೇ?' ಎಂದು ಉತ್ತರ ಬಂತು. ಆಮೇಲೆ ಮೂರು ಹೊಡೆಯಿತು, ಕಿಟಕಿ ತಾನಾಗಿ ಮುಚ್ಚಿಕೊಂಡಿತು.

ವರ್ಲಿನ್ ಹಿಂದಕ್ಕೆ ಒರಗಿ ಕಾಲನ್ನು ಬಿಸಿಗಾಳಿಯ ಕಿಂಡಿಯ ಮೇಲಿಟ್ಟ. ಕೊನೆಯದೊಂದು ಮಾತು ಜಾರಿತು, ನಿಜ. ಆದರೆ ಇಡೀ ಪಾಳಿ ಮುಗಿಸಿದ್ದ. ಮೇಜು ಉಳಿಯಿತು.

ಆಗ ಲೊರೇನ್ ಕೋಣೆಯ ಬಾಗಿಲು ತೆಗೆದಳು. ಅವಳ ಕೂದಲು ಗಾಳಿಗೆ ಸಿಕ್ಕ ಹುಲ್ಲುಬಣವೆಯ ಹಾಗಿತ್ತು.

"ಆರ್ಡಿಸ್, ಕಾಫಿ ಇದ್ರೆ ಕೊಡೇ," ಎಂದಳು. "ಒಂದು ಗಂಟೆ. ಇಡೀ ಒಂದು ಗಂಟೆ ಒಬ್ಬ ಕತ್ತೆ ಜೊತೆ ಏಗಿದೆ. ಎರಡು ಗಂಟೆಗೆ ನಮ್ಮ ದೀಪ ಹತ್ತಿಲ್ಲ ಅಂತ ಜಂಟಿ ಕಚೇರಿಯಿಂದ ಫೋನ್ ಬಂತು. ಮಾನ ಹೋಗುತ್ತಲ್ಲ ಅಂತ ನನ್ನ ಹೆಸರಲ್ಲೇ ಒಳಗೆ ಹೋದೆ. ಹೋದ ತಕ್ಷಣ ಈ ಮಹಾರಾಯ ಗಂಟುಬಿದ್ದ. ನಾನು ನಿಂಗೇನು ಬೇಕಪ್ಪ ಅಂದ್ರೆ, ಅವನು ನನ್ನನ್ನೇ ನಿಂಗೇನು ಬೇಕು ಅಂತ ಕೇಳ್ತಾನೆ."

ವರ್ಲಿನ್ ಕಾಲನ್ನು ಕಿಂಡಿಯಿಂದ ಕೆಳಗಿಳಿಸಿದ.

"ಐವತ್ತೆಂಟು ವರ್ಷ ಅಂತೆ. ಯಾವ ತರಗತಿ ಅನ್ನೋದು ಗೊತ್ತಿಲ್ಲ. ಕೊನೆಗೆ ಬೀವರ್ ಅಂದ. ಇರೋ ಬರೋ ಬೀವರೆಲ್ಲ ತಂದು ಸುರಿದೆ. ಬೀವರ್ ಬೇಡ ಅಂದ."

ಫ್ಲೂಗರ್ ಬಾಯಿ ತೆಗೆದ. ವರ್ಲಿನ್ ಮೇಜಿನ ಕೆಳಗೆ ಅವನ ಕಾಲು ತುಳಿದ. ಫ್ಲೂಗರ್ ಬಾಯಿ ಮುಚ್ಚಿದ.

"ಹೋಗ್ತಾ ಏನಂದ ಗೊತ್ತಾ? ನನ್ನಂಥ ತಲೆಯವರನ್ನ ಗ್ರಂಥಾಲಯದ ಹೊಸಿಲು ದಾಟಿಸಬಾರದಂತೆ. ನನಗೆ. ಇಪ್ಪತ್ತು ವರ್ಷದಿಂದ ಈ ಹೊಸಿಲು ತೇಯ್ದವಳಿಗೆ. ಅವನು ಕೈಗೆ ಸಿಕ್ಕಬೇಕಿತ್ತು." ಕಾಫಿ ಒಂದು ಗುಟುಕು ಕುಡಿದು ವರ್ಲಿನ್ ಕಡೆ ತಿರುಗಿದಳು. "ನೀನೇನ್ ಮಾಡ್ತಿದ್ದೆ ಇಷ್ಟು ಹೊತ್ತು? ಯಾಕೆ ದೀಪ ಹತ್ತಲಿಲ್ಲ?"

ಈಗ ವರ್ಲಿನ್ ಎದುರಿಗೆ ಎರಡು ದಾರಿ. ಪಾಳಿ ಮಾಡಿದೆ ಎಂದರೆ ಯಾರ ಜೊತೆ ಎಂದು ಹೇಳಬೇಕು. ಮಾಡಲಿಲ್ಲ ಎಂದರೆ ಬಸ್ಸು. ಲೊರೇನಿನ ಕೈಯಲ್ಲಿದ್ದ ಬಿಸಿ ಕಾಫಿಯನ್ನು ಒಮ್ಮೆ ನೋಡಿದ, ಹೊರಗಿನ ಹಿಮವನ್ನು ಒಮ್ಮೆ ನೋಡಿದ.

"ಸೆಟ್ಟಿಂಗ್ ಸರಿಹೋಗ್ಲಿಲ್ಲ, ಲೊರೇನ್," ಎಂದ.

ಆರ್ಡಿಸ್ ಕೆಮ್ಮಿದಳು. ಅವಳಿಗೆ ಅರ್ಥವಾಗಿತ್ತು. ಹೊಲಿಗೆ ಯಂತ್ರದ ಲೆಕ್ಕವೂ ತೀರಿದ ಹಾಗಾಯಿತೆಂದು ಲೊರೇನಿನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು.

ಲೊರೇನ್ ಬೀಗದಕೈ ತಂದು ಮೇಜಿನ ಮೇಲಿಟ್ಟಳು. "ನಾಳೆವರೆಗೆ ಕಾಯಬೇಡ, ಈಗ್ಲೇ ಹೊರಡು. ಕೆಲಸ ಇದೆ. ಆ ಕತ್ತೆ ನಮ್ಮ ಕೌಂಟಿಯವನೇ, ಪಿನ್‌ಕೋಡ್ ನೋಡಿದೆ. ಪಾಪ, ಯಾವ ಹೊಲದ ಮನೇಲಿ ಒಬ್ಬನೇ ಕೂತಿದ್ದಾನೋ, ಮಾತಾಡೋಕೂ ಗೊತ್ತಾಗದೆ. ನನಗೆ ಸಿಟ್ಟಿದೆ, ಆದ್ರೆ ಓದುಗ ಓದುಗನೇ. ಮನೆಮನೆಗೂ ಬಸ್ ನಿಲ್ಲಿಸಿ ಅವನನ್ನ ಹುಡುಕು. ಅವನಿಗೆ ನಿಜವಾಗಿ ಏನು ಬೇಕು ಅಂತ ತಿಳ್ಕೊ."

"ಸಿಗದೇ ಇದ್ರೆ?"

"ಸಿಗೋವರೆಗೂ ಈ ಮೇಜಿನ ಹತ್ರ ಬರಬೇಡ. ಸಿಕ್ಕಿದ್ರೆ ನನ್ನ ಹತ್ರ ಕರ್ಕೊಂಡು ಬಾ. ಅವನ ಮುಖ ಒಂದ್ಸಲ ನೋಡಬೇಕು ನಾನು."

ವರ್ಲಿನ್ ಕಿವಿ ಮುಚ್ಚುವ ಟೊಪ್ಪಿ ಹಾಕಿಕೊಂಡ. ಬಿಸಿಗಾಳಿಯ ಕಿಂಡಿಯ ಮೇಲೆ ಕೊನೆಯದಾಗಿ ಒಮ್ಮೆ ನಿಂತ. ಬೀಗದಕೈ ತೆಗೆದುಕೊಂಡು ಯಾರನ್ನೂ ನೋಡದೆ ಹೊರಗೆ ಹೋದ. ಬಸ್ಸು ಮುಕ್ಕರಿಸಿ, ಕೆಮ್ಮಿ, ಕೊನೆಗೆ ಹೊರಟಿತು.

"ಸಿಗ್ತಾನೆ ಅಂತೀರಾ?" ಎಂದು ಲೊರೇನ್ ಫ್ಲೂಗರನನ್ನು ಕೇಳಿದಳು.

"ಹುಡುಕೋನು ಒಳ್ಳೆ ಮನುಷ್ಯ," ಎಂದ ಫ್ಲೂಗರ್ ಕಾಲು ನೀವಿಕೊಳ್ಳುತ್ತ. "ಹುಡುಕಿಸಿಕೊಳ್ಳೋನು ಸ್ವಲ್ಪ ಪುಕ್ಕಲ."

ಹಿಮ ಕರಗಿತು, ಹೊಳೆಯ ಬೀವರ್‌ಗಳು ಗೂಡಿನಿಂದ ಆಚೆ ಬಂದವು, ಬೇಸಿಗೆಯೂ ಆಯಿತು. ಪುಸ್ತಕದ ಬಸ್ಸು ಕೌಂಟಿಯ ಒಂದೊಂದು ಮನೆಯ ಮುಂದೆಯೂ ನಿಲ್ಲುತ್ತಲೇ ಇದೆ. ವರ್ಲಿನ್ ತೋರ್ಸನ್ ಮಾತ್ರ ಆ ಮೇಜಿಗೆ ವಾಪಸ್ ಬಂದಿಲ್ಲ. ಅವನು ಹುಡುಕುತ್ತಿರುವ ಓದುಗ ಇನ್ನೂ ಸಿಕ್ಕಿಲ್ಲವಂತೆ.