ನಡುಮನೆಯ ಟೆನಿಸ್ ಮತ್ತು ಅತ್ತೆಯ ಅಂಗೈ

ನಮ್ಮ ಅತ್ತೆಯವರು ಅರವತ್ತಾರನೆಯ ವಯಸ್ಸಿನಲ್ಲಿ ಟೆನಿಸ್ ಕಲಿತರು. ನಗಬೇಡಿ. ಹುಕ್ಕೇರಿಯಂಥ ಹುಕ್ಕೇರಿಯಲ್ಲಿ, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿ, ನಮ್ಮ ನಡುಮನೆಯಲ್ಲಿ ತಿಜೋರಿಗೂ ಹಾಸಿಗೆಯ ಒಟ್ಟಿಲಿಗೂ ನಡುವೆ ಉಳಿದ ನಾಲ್ಕು ಹೆಜ್ಜೆ ಜಾಗದಲ್ಲಿ! ಚೆಂಡು ಇರಲಿಲ್ಲ, ಬ್ಯಾಟು ಇರಲಿಲ್ಲ, ಬಲೆಯಂತೂ ಇಲ್ಲವೇ ಇಲ್ಲ. ಆದರೂ ಒಂದು ಟ್ಯೂಬ್‌ಲೈಟು, ಎರಡು ಕಪ್ಪು-ಬಶಿ ಮತ್ತು ನಮ್ಮ ಯಜಮಾನರ ಕನ್ನಡಕ ಒಡೆದವು. ಖರೆ ಟೆನಿಸ್‌ನಲ್ಲಿ ಇದಕ್ಕಿಂತ ಹೆಚ್ಚಿನದೇನು ಒಡೆಯುತ್ತದೆ, ನೀವೇ ಹೇಳಿ.

ಮೊದಲು ಅತ್ತೆಯವರ ಸ್ವಭಾವ ಹೇಳಬೇಕು. ಲೋಕದಲ್ಲಿ ಯಾವ ಕೆಲಸವೂ ತಾವು ಎದುರು ನಿಂತು ಹೇಳಿಕೊಡದೆ ಸರಿಯಾಗುವುದಿಲ್ಲ ಎಂದು ನಂಬಿದವರು ಅವರು. ತವರು ಮಸಗುಪ್ಪಿಗೆ ಹೋಗುವಾಗ ಬಸ್ಸಿನಲ್ಲಿ ಡ್ರೈವರನ ಬೆನ್ನ ಹಿಂದಿನ ಸೀಟೇ ಬೇಕು. "ತಮ್ಮಾ, ಮುಂದ ಎಮ್ಮಿ ಐತಿ ನೋಡು" ಎಂದು ಹೇಳುತ್ತಾ ಹೋಗುವವರು. ಒಮ್ಮೆ ಆ ಡ್ರೈವರ್ ಬಸ್ಸು ನಿಲ್ಲಿಸಿ, "ಅಮ್ಮಾರ, ನೀವ ಬಂದ ಹಿಡೀರಿ ಹಂಗಾರ" ಎಂದು ಎದ್ದು ನಿಂತುಬಿಟ್ಟ. ಅತ್ತೆಯವರು ಬೇಡ ಅನ್ನಲಿಲ್ಲ. "ಇವತ್ತ ಚಸ್ಮಾ ತಂದಿಲ್ಲ" ಅಂದರು!

ಮನೆಮನೆಗೆ ಡಿಶ್ ಬರುತ್ತಿದ್ದ ಕಾಲ ಅದು. ನಮ್ಮ ಮಾಳಿಗೆಯ ಮೇಲೂ ಒಬ್ಬಾತ ಡಿಶ್ ಕೂಡಿಸುತ್ತಿದ್ದ. ಅತ್ತೆಯವರು ಕೆಳಗೆ ನಿಂತು ಒಂದು ತಾಸು ಸಲಹೆ ಕೊಟ್ಟರು. ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿದರೂ ಕೇಳಲಿಲ್ಲವೋ. ಸರಿ, ನಿಚ್ಚಣಿಕೆ ಹತ್ತಿಯೇ ಹೋದರು. "ಕೊಲ್ಲಾಪುರದ ಕಡೆ ಮಾರಿ ಮಾಡೋ ಅದರದು" ಎಂದು ಹೇಳಿ ತೃಪ್ತಿಯಿಂದ ಇಳಿದರು. ಇಳಿಯುವಾಗ ಕೊನೆಯ ಮೂರು ಮೆಟ್ಟಿಲನ್ನು ಬಳಸಲಿಲ್ಲ.

ಎಡಗೈ ಮಣಿಕಟ್ಟು ಮುರಿಯಿತು. ಕಷ್ಟ ಬಂದಾಗ ಉಳಿದದ್ದನ್ನು ಎಣಿಸಬೇಕು ಎಂದು ನನ್ನ ತಾಯಿ ಕಲಿಸಿದ್ದಾಳೆ. ಎಣಿಸಿದೆ. ಸೊಂಟ ಉಳಿಯಿತು, ಶಿವನ ಕೃಪೆ. ಬಲಗೈ ಉಳಿಯಿತು, ಶಿವನ ಕೃಪೆ. ಬಾಯಿಗೆ ಏನೂ ಆಗಲಿಲ್ಲ. ಇದನ್ನು ಕೃಪೆಯೊಳಗೆ ಹಿಡಿಯಬೇಕೋ ಬೇಡವೋ ಎಂದು ಕೈಗೆ ಪ್ಲಾಸ್ಟರ್ ಇದ್ದ ಆ ನಲವತ್ತು ದಿನ ಆಗಾಗ ವಿಚಾರ ಮಾಡಿದ್ದೇನೆ. ದೇವರು ಕ್ಷಮಿಸಲಿ.

ನಗು ಇಲ್ಲಿಗೆ ಸ್ವಲ್ಪ ನಿಲ್ಲಿಸುತ್ತೇನೆ. ನಾವು ಲಿಂಗ ಕಟ್ಟಿದ ಮಂದಿ. ಮುಂಜಾನೆ ಮಿಂದು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ಎಡ ಅಂಗೈ ಮೇಲೆ ಇಟ್ಟುಕೊಂಡು, ಬಲಗೈಯಿಂದ ನೀರೆರೆದು, ಪತ್ರಿ ಏರಿಸಿ, ಕಣ್ಣು ನೆಟ್ಟು ಕೂಡುವುದು ನಮ್ಮ ಪೂಜೆ. ಎಡ ಅಂಗೈಯೇ ಪೀಠ. ಅತ್ತೆಯವರು ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಇದನ್ನು ತಪ್ಪಿಸಿದವರಲ್ಲ. ಪ್ಲಾಸ್ಟರ್ ತೆಗೆದ ದಿನ ನೋಡಿದರೆ ಅಂಗೈ ಮೇಲಕ್ಕೆ ತಿರುಗಲೊಲ್ಲದು! ಹೆಬ್ಬೆರಳು ಮುಗಿಲು ನೋಡುತ್ತಿತ್ತು, ಅಂಗೈ ಗೋಡೆ ನೋಡುತ್ತಿತ್ತು. ಅದರ ಮೇಲೆ ಲಿಂಗ ನಿಲ್ಲುವುದು ಹೇಗೆ?

"ದಿನಾ ಕೈ ತಿರುವ್ರಿ ಅಮ್ಮಾ" ಎಂದರು ಡಾಕ್ಟರು. "ಆರು ತಿಂಗಳದಾಗ ತಿರುಗಿದ್ರ ತಿರುಗ್ತು. ಆಮ್ಯಾಲ ದೇವರು ಬಂದ್ರೂ ತಿರುಗಂಗಿಲ್ಲ."

"ದೇವರು ಬರಾಕ ಅಂತನ ತಿರುಗಬೇಕಾಗೈತ್ರಿ" ಎಂದರು ಅತ್ತೆಯವರು.

ಯಜಮಾನರು ಘೋಡಗೇರಿಯ ಸಾಲಿಯಲ್ಲಿ ಮಾಸ್ತರು, ಎಲ್ಲಕ್ಕೂ ಉಪಾಯ ಹುಡುಕುವವರು. "ಅವ್ವಾ, ಅಲ್ಲೀತನಾ ಒಂದು ತಾಮ್ರದ ಬಟ್ಟಲದಾಗ ಇಟ್ಟು ಪೂಜಿ ಮಾಡು" ಎಂದರು. "ಹಸುಗೂಸಿನ್ನ ತೊಡಿ ಬಿಟ್ಟು ಸ್ಟೂಲ್ ಮ್ಯಾಲ ಕುಂದರಸ್ತಾರೇನೋ?" ಎಂದು ಅತ್ತೆಯವರು ಒಂದೇ ಮಾತಿಗೆ ಮುಗಿಸಿದರು. ಅಂದಿನಿಂದ ಅವರ ಪೂಜೆ ಎಂದರೆ ಲಿಂಗವನ್ನು ಬಲಗೈಯಲ್ಲಿ ತೆಗೆದು ಕಣ್ಣಿಗೊತ್ತಿಕೊಂಡು ಮತ್ತೆ ಕರಡಿಗೆಗೆ ಇಡುವುದು, ಅಷ್ಟೇ. ಒಂದು ತಾಸು ಕೂಡುತ್ತಿದ್ದವರು ಹಾಲು ಉಕ್ಕುವ ಮೊದಲೇ ಎದ್ದು ಬರುತ್ತಿದ್ದರು. ಎರಡು ರೊಟ್ಟಿ ಉಣ್ಣುವವರು ಒಂದಕ್ಕೆ ಕೈ ತೊಳೆಯುತ್ತಿದ್ದರು.

ಹಾಗಾದರೆ ವ್ಯಾಯಾಮ ಮಾಡಿದರೇ? ಶಿವ ಶಿವಾ! ಕೈಯಲ್ಲಿ ಸೌಟು ಹಿಡಿದು ಆ ಕಡೆ ಈ ಕಡೆ ತಿರುವಬೇಕು ಎಂದಿದ್ದರು ಡಾಕ್ಟರು. "ಸಾರಿಲ್ಲದ ಸವಟು ತಿರುವಿದ್ರ ಮನಿಗಿ ಬರಗಾಲ ಬರ್ತೈತಿ" ಎಂದರು ಅತ್ತೆಯವರು. ಸಾರಿನಲ್ಲೇ ತಿರುವಿರಿ ಎಂದರೆ, "ಎಡಗೈಲೇನು? ಉಣ್ಣಾವ್ರು ಮನಷ್ಯಾರಲ್ಲೇನು?"

ಹೀಗಿರುವಾಗ ಗೋಕಾಕದಲ್ಲಿ ಟಿವಿ ಅಂಗಡಿ ಇಟ್ಟಿರುವ ನನ್ನ ತಮ್ಮ ಒಂದು ಬಿಳಿ ಪೆಟ್ಟಿಗೆ ತಂದ. ಅದನ್ನು ಟಿವಿಗೆ ಜೋಡಿಸಿ, ರಿಮೋಟಿನಂಥದ್ದನ್ನು ಕೈಯಲ್ಲಿ ಹಿಡಿದು ಬೀಸಿದರೆ ಪರದೆಯ ಮೇಲಿನ ಗೊಂಬೆಯೂ ಕೈ ಬೀಸುತ್ತದೆ. ಟೆನಿಸ್ ಆಡುತ್ತದೆ, ಚೆಂಡು ಉರುಳಿಸಿ, ದೂರದಲ್ಲಿ ಸಾಲಾಗಿ ನಿಂತ ಕಟ್ಟಿಗೆಯ ಬುಡ್ಡಿಗಳನ್ನು ಕೆಡವುತ್ತದೆ.

"ಯಾರೂ ಒಯ್ಯವಲ್ರಕ್ಕಾ, ಅಂಗಡ್ಯಾಗ ಧೂಳ ತಿನ್ನಾಕತ್ತೈತಿ. ಅತ್ತಿಯವರ ಕೈಗೆ ಚಲೋ ಆಕ್ಕೈತಿ, ಆಡಸು" ಎಂದ ತಮ್ಮ.

ಅತ್ತೆಯವರು ಬಂದು ಗೊಂಬೆಯನ್ನು ಪರೀಕ್ಷಿಸಿದರು. "ಇದು ಯಾರು?"

"ನೀವ್ರೀ, ಅತ್ತಿ" ಎಂದ.

"ನಾ ಆದ್ರ ಹಣಿ ಯಾಕ ಬೋಳ ಐತಿ?"

ತಮ್ಮ ಗುಂಡಿ ಒತ್ತಿ ಒತ್ತಿ ಹುಡುಕಿದ. ಗೊಂಬೆಗೆ ಟೋಪಿ ಇತ್ತು, ಮೀಸೆ ಇತ್ತು, ನಾಲ್ಕು ನಮೂನೆ ಕನ್ನಡಕ ಇತ್ತು. ವಿಭೂತಿ ಇರಲಿಲ್ಲ. ಅತ್ತೆಯವರು ಅವನಿಗಾಗಿ ಕಾಯಲಿಲ್ಲ. ದೇವರ ಮಾಡಿನಿಂದ ವಿಭೂತಿ ಗಟ್ಟಿ ತಂದು, ನೀರಲ್ಲಿ ಅದ್ದಿ, ಟಿವಿಯ ಗಾಜಿಗೇ ಮೂರು ಬೆರಳು ಎಳೆದರು! ಗೊಂಬೆ ನಿಂತಲ್ಲಿ ನಿಂತಿರುವವರೆಗೆ ಬಹಳ ಲಕ್ಷಣವಾಗಿತ್ತು. ಅದು ಎಡಕ್ಕೆ ಓಡಿದರೆ ವಿಭೂತಿ ಅಲ್ಲೇ! ಒರೆಸಲು ನಮಗೆ ಧೈರ್ಯವಿಲ್ಲ. ಆ ವಾರವೆಲ್ಲ ವಾರ್ತೆ ಓದುವ ಹೆಣ್ಣುಮಗಳಿಗೆ ಮೂಗಿನ ಮೇಲೆ, ಅಡುಗೆ ತೋರಿಸುವಾತನಿಗೆ ಗದ್ದಕ್ಕೆ, ಕ್ರಿಕೆಟ್ ಆಡುವವರಿಗೆ ಹನ್ನೊಂದು ಮಂದಿಗೂ ಸರದಿಯಂತೆ ವಿಭೂತಿ ಬಿತ್ತು.

ಆದರೆ ಎಡಗೈಯಲ್ಲಿ ರಿಮೋಟು ಹಿಡಿಯಿರಿ ಎಂದು ತಮ್ಮ ಹೇಳಿದಾಗ ಅತ್ತೆಯವರು ಕೈ ಹಿಂದಕ್ಕೆ ಎಳೆದುಕೊಂಡರು.

"ಈ ಕೈ ಲಿಂಗದ್ದು. ಇದರಾಗ ಆಟದ ಸಾಮಾನ ಹಿಡೀಲೇನು? ಬಲಗೈಯಾಗ ಕೊಡ ತಾ."

"ಅತ್ತೀ, ಔಷಧ ಎಡಗೈಗೆ ಬೇಕಾಗೈತ್ರಿ!"

"ಬಲಗೈ ಕಲ್ತು ಎಡಗೈಗೆ ಹೇಳ್ತೈತಿ ಬಿಡು" ಎಂದರು.

ಬಲಗೈಯಿಂದ ಆಡಿದ್ದಾದರೂ ಹೇಗೆ! ಅತ್ತೆಯವರಿಗೆ ಗೊತ್ತಿದ್ದ ಬೀಸು ಒಂದೇ, ಜೋಳದ ರೊಟ್ಟಿ ಬಡಿಯುವುದು. ಚೆಂಡು ಬಂದರೆ ಮೇಲಿನಿಂದ ಪಟ್ ಎಂದು ಬಡಿಯುತ್ತಿದ್ದರು, ಬಡಿದು ಸ್ವಲ್ಪ ತಿರುವುತ್ತಿದ್ದರು, ರೊಟ್ಟಿ ದುಂಡಗಾಗಲಿ ಎನ್ನುವಂತೆ. ಆ ಹೊಡೆತಕ್ಕೆ ಎದುರಿನ ಗೊಂಬೆಗೆ ಉತ್ತರವೇ ಇರಲಿಲ್ಲ. ಪಟ್, ಪಟ್, ಪಟ್! ಯಜಮಾನರು ಸಾಲಿಯಿಂದ ಬಂದು ಅವ್ವನ ಜೊತೆ ಆಡಲು ನಿಂತು ದಿನಾ ಸೋತರು, ಒಂದು ದಿನ ಕನ್ನಡಕವನ್ನೂ ಕಳೆದುಕೊಂಡರು. ನಡುವೆ ಕರೆಂಟು ಹೋದರೆ ಅತ್ತೆಯವರು ಕತ್ತಲಲ್ಲೇ ಘೋಷಿಸುತ್ತಿದ್ದರು: "ನಾ ಮುಂದಿದ್ದೆ, ನೆಪ್ಪಿರಲಿ."

ಮಗನ ಮೇಲೆ ದಯೆ ಇಲ್ಲದವರು ಅತಿಥಿಯ ಎದುರು ಬೇರೆಯೇ ಆಗುತ್ತಿದ್ದರು. ಬಾಜೂ ಮನೆಯ ಜೈನರ ಕಾಕು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು, ಊಟಕ್ಕೆ ಮೊದಲು ನಮ್ಮಲ್ಲಿ ಬಂದು ಕೂಡುತ್ತಿದ್ದರು. ಅತ್ತೆಯವರನ್ನು ಅವರು ಕರೆಯುವುದು ವೈನಿ, ಅಂದರೆ ಅತ್ತಿಗೆ, ಎಂದು. ಬುಡ್ಡಿ ಕೆಡವುವ ಆಟ ನೋಡಿ ಅವರಿಗೆ ಆತಂಕ.

"ಅವಕ್ಕ ಜೀವ ಗೀವ ಇಲ್ಲಲ್ರಿ ವೈನಿ?"

"ಇಲ್ಲ ತಗೀರಿ, ಕಟಗಿ ಅದಾವು. ಬಿದ್ರೂ ತಾವ ಎದ್ದು ನಿಂದರ್ತಾವು. ಆಡ್ರಿ."

ಕಾಕು ಮೆಲ್ಲಗೆ ಉರುಳಿಸಿದರು, ಎರಡು ಬಿದ್ದವು. ಅತ್ತೆಯವರು ಬೇಕೆಂದೇ ಚೆಂಡನ್ನು ಬದಿಯ ಗಟಾರಕ್ಕೆ ಹಾಕಿದರು. ಮತ್ತೆ ಕಾಕು, ಮೂರು. ಅತ್ತೆಯವರು, ಗಟಾರ. ನಾನು ಒಳಗೆ ಕರೆದು ಕೇಳಿದೆ, "ಯಾಕ್ರಿ ಹಿಂಗ?"

"ಮನಿಗಿ ಬಂದಾವ್ರನ್ನ ಸೋಲಿಸಿ ಕಳಸ್ತಾರೇನ? ಹೊಟ್ಟಿ ತುಂಬಿಸಿ ಕಳಸ್ಬೇಕು, ಗೆಲ್ಲಿಸಿ ಕಳಸ್ಬೇಕು."

ಪರಿಣಾಮ ಏನಾಯಿತು? ಎಂಟೇ ದಿನದಲ್ಲಿ ಹುಕ್ಕೇರಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಾ ಕಾಕು ಯಾರಿಗೋ ಹೇಳುತ್ತಿದ್ದುದನ್ನು ಅತ್ತೆಯವರೇ ಕೇಳಿದರು: "ಪಾಪ, ನಮ್ಮ ವೈನಿಗೆ ಆಡಾಕ ಬರಂಗಿಲ್ರಿ. ನಾನ ಕಲಸಾಕತ್ತೀನಿ." ಅತ್ತೆಯವರು ಮನೆಗೆ ಬಂದು ಒಂದು ತಂಬಿಗೆ ನೀರು ಕುಡಿದು ಅಂದರು, "ಅತಿಥಿ ದೇವರು ಖರೆ. ದೇವರು ಇಷ್ಟು ಮಾತಾಡಬಾರದು."

ನಾವೆಲ್ಲ ನಕ್ಕೆವು. ನಗುತ್ತಲೇ ನಾಲ್ಕು ತಿಂಗಳು ಸರಿದು ಹೋದವು. ಬಲಗೈ ಪೈಲ್ವಾನನಾಯಿತು. ಎಡಗೈ ಮೊದಲಿನ ಹಾಗೆಯೇ ಇತ್ತು.

ಒಂದು ಮುಂಜಾನೆ ಪತ್ರಿ ಕೊಡಲು ಹೋದೆ. ಅತ್ತೆಯವರು ನನಗೆ ಬೆನ್ನು ಮಾಡಿ ಕುಳಿತಿದ್ದರು. ಎಡಗೈಯನ್ನು ತೊಡೆಗೆ ಒತ್ತಿ, ಹಲ್ಲು ಕಚ್ಚಿ, ಆದಷ್ಟು ತಿರುಗಿಸಿ, ಲಿಂಗವನ್ನು ಮೆಲ್ಲಗೆ ಇಟ್ಟು ಬಲಗೈ ಬಿಟ್ಟರು. ಅದು ಜಾರಿತು. ನೆಲ ಮುಟ್ಟುವ ಮೊದಲು ಬಲಗೈ ಅದನ್ನು ಹಿಡಿಯಿತು. ಎದೆಗೊತ್ತಿಕೊಂಡು ಅಲುಗದೆ ಕುಳಿತರು. ಪತ್ರಿಯ ಬುಟ್ಟಿ ಇಟ್ಟು ನಾನು ಸಪ್ಪಳಾಗದಂತೆ ಹೊರಗೆ ಬಂದೆ. ಆ ದಿನ ಅವರು ಯಾರಿಗೂ ಯಾವ ಸಲಹೆಯನ್ನೂ ಕೊಡಲಿಲ್ಲ. ನಮ್ಮ ಮನೆ ಅಷ್ಟು ಶಾಂತವಾದದ್ದನ್ನು ನಾನು ಎಂದೂ ಕಂಡಿರಲಿಲ್ಲ, ಮತ್ತೆ ಕಾಣುವುದೂ ಬೇಡ.

ಮಧ್ಯಾಹ್ನ ಧೈರ್ಯ ಮಾಡಿ ಅಂದೆ: "ಅತ್ತೀ, ಒಂದ ಮಾತ ಕೇಳ್ಲಿ? ಗುಡಿ ಪೀಠ ಸೀಳಿದ್ರ ಏನ ಮಾಡ್ತಾರ್ರಿ?"

"ಗೌಂಡಿ ಕರಸ್ತಾರ."

"ಗೌಂಡಿ ಸುತಗಿ ತರ್ತಾನು, ಉಳಿ ತರ್ತಾನು, ಪೀಠದ ಮ್ಯಾಲ ಕಾಲ ಇಟ್ಟ ನಿಂದರ್ತಾನು. ದೇವರು ಸಿಟ್ಟಾಗ್ತಾನೇನ್ರಿ?"

"ಇಪ್ಪತ್ತೊಂದು ವರ್ಷ ಆತು ನೀ ಈ ಮನಿಗಿ ಬಂದು. ಇಷ್ಟು ಮಾತ ಎಲ್ಲಿಟ್ಟಿದ್ದಿ?" ಎಂದು ಅತ್ತೆಯವರು ಎದ್ದು ಹೋದರು. ಕೆಟ್ಟೆನಲ್ಲ ಎಂದುಕೊಂಡೆ.

ಮರುದಿನ ಮೂರು ಗಂಟೆಗೆ ನಡುಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಬುಡ್ಡಿ ಬೀಳುವ ಸದ್ದು. ಸಂದಿಯಿಂದ ನೋಡಿದೆ. ರಿಮೋಟಿಗೆ ತೊಳೆದು ಒಣಗಿಸಿದ ಬಿಳಿ ಅರಿವೆ ಸುತ್ತಿ ಎಡಗೈಯಲ್ಲಿ ಹಿಡಿದಿದ್ದರು! ಬೀಸಿದರು. ಗುಂಡಿ ಬಿಡುವ ಹೊತ್ತು ತಪ್ಪಿ ಚೆಂಡು ಹಿಂದಕ್ಕೆ ಹಾರಿತು, ಪರದೆಯಲ್ಲಿ ನೋಡುತ್ತಾ ನಿಂತಿದ್ದ ಗೊಂಬೆಗಳೆಲ್ಲ ಹೌಹಾರಿ ಜಿಗಿದವು. ಅತ್ತೆಯವರು ಗಾಬರಿಯಾಗಿ ಅವುಗಳಿಗೆ ಕೈ ಮುಗಿದರು: "ತಪ್ಪಾತ್ರಪ್ಪಾ, ಯಾರಿಗೂ ಬಡೀಲಿಲ್ಲಲ್ಲ?"

ಆ ಆಟದಲ್ಲಿ ಬಿಡುವಾಗ ಮಣಿಕಟ್ಟು ತಿರುವಿದರೆ ಚೆಂಡು ಬಾಗಿ ಹೋಗುತ್ತದೆ. ಅದೊಂದು ಅತ್ತೆಯವರಿಗೆ ಹಿಡಿಸಿತು. ದಿನಕ್ಕೆ ಒಂದು ತಾಸು, ನೋವಿಗೆ "ಶಿವಾ" ಎನ್ನುತ್ತಾ ತಿರುವಿದರು. ಪರೀಕ್ಷೆಗೆಂದು ತಮ್ಮ ಗೋಕಾಕದಿಂದ ಕರದಂಟು ತಂದುಕೊಟ್ಟ. ಆಟ ಮುಗಿದ ಮೇಲೆ ಒಂದು ತುಂಡನ್ನು ಅಂಗೈ ಮೇಲೆ ಇಡುವುದು. ಜಾರಿ ಮಡಿಲಿಗೆ ಬಿದ್ದರೆ, ಬಿದ್ದ ಅನ್ನ ಬಿಸಾಡಬಾರದಲ್ಲ, ತಿನ್ನುವುದು. ಒಂದು ತಿಂಗಳು ದಿನಾ ಬಿತ್ತು. ಅತ್ತೆಯವರ ಕುಪ್ಪಸದ ಹೊಲಿಗೆ ಎರಡು ಸಲ ಬಿಚ್ಚಿಸಬೇಕಾಯಿತು. ಮೊದಲ ಸಲ ತುಂಡು ನಿಂತ ದಿನ ನಾನು ಕುಣಿಯುವುದೊಂದು ಬಾಕಿ. ಅವರು ಮಾತ್ರ ಅದನ್ನೇ ನೋಡುತ್ತಾ, "ನಿಂತದ್ದನ್ನೂ ತಿನ್ನಬಹುದೇನು?" ಎಂದು ಕೇಳಿದರು.

ಆದರೆ ಕೈ ಪೂರ್ತಿ ತಿರುಗಲಿಲ್ಲ. ಮುಕ್ಕಾಲು ತಿರುಗಿತು. ಆರು ತಿಂಗಳು ಮುಗಿದವು. "ಇನ್ನು ಇಷ್ಟ ರೀ" ಎಂದರು ಡಾಕ್ಟರು.

ಶ್ರಾವಣದ ಮೊದಲ ಸೋಮವಾರ. ನಾನು ಒಲೆಯ ಮುಂದೆ ಇದ್ದೆ. ದೇವರ ಕೋಣೆಯಿಂದ ಅತ್ತೆಯವರು ಕೂಗಿದರು, "ಮಿಂದಿಯಿಲ್ಲೋ?"

"ಮಿಂದೀನ್ರಿ."

"ಹಂಗಾರ ಬಾ ಇಲ್ಲಿ. ಬಾಜೂಕ ಕುಂದರು."

ಕುಳಿತೆ. ಅವರು ಎಡಗೈ ಚಾಚಿದ್ದರು. ಅಂಗೈ ನನ್ನ ಕಡೆಗೆ ಸ್ವಲ್ಪ ವಾಲಿತ್ತು, ಮಳೆಗಾಲದ ಮಾಳಿಗೆಯಂತೆ. ನೀರು ಬಿದ್ದರೆ ಲಿಂಗ ಜಾರುವುದು ನನಗೂ ಕಾಣುತ್ತಿತ್ತು. ಅತ್ತೆಯವರು ಎಂದೂ ಯಾರಿಂದಲೂ ಏನನ್ನೂ ಬೇಡಿದವರಲ್ಲ. ಆಜ್ಞೆ ಮಾಡುತ್ತಿದ್ದರು, ಬೈಯುತ್ತಿದ್ದರು, ಕಲಿಸುತ್ತಿದ್ದರು. ಈಗ ನನ್ನ ಮುಖ ನೋಡದೆ, ಸಣ್ಣ ದನಿಯಲ್ಲಿ, "ನಿನ್ನ ಕೈ ನನ್ನ ಕೈ ಬುಡಕ ಹಿಡೀತೀಯೇನ ಯವ್ವಾ?" ಎಂದರು.

ಹಿಡಿದೆ. ನನ್ನ ಅಂಗೈಯ ಮೇಲೆ ಅವರ ಮುಂಗೈ. ಸ್ವಲ್ಪ ಎತ್ತಿದೆ, ವಾಲಿದ್ದು ಸಮವಾಯಿತು. ಅತ್ತೆಯವರು ಕರಡಿಗೆ ತೆರೆದು ಲಿಂಗವನ್ನು ಇಟ್ಟರು. ಬಲಗೈ ಬಿಟ್ಟರು. ನಿಂತಿತು. ನೀರೆರೆದರು. ಆ ನೀರು ಅವರ ಬೆರಳ ಸಂದಿಯಿಂದ ಇಳಿದು ನನ್ನ ಅಂಗೈಗೆ ಬಂತು, ಅಲ್ಲಿಂದ ಮೊಣಕೈಗೆ. ಅಡುಗೆಮನೆಯಲ್ಲಿ ರೊಟ್ಟಿ ಸೀದ ವಾಸನೆ ಬಂತು. ಏಳಲೇ ಎನ್ನುವಂತೆ ಅವರ ಮುಖ ನೋಡಿದೆ. ಅವರ ಕಣ್ಣು ತುಂಬಿ ಬಂದು ಲಿಂಗದ ಮೇಲೆ ನೆಟ್ಟಿದ್ದವು.

"ಸೀದ್ರ ಸೀಯ್ಲಿ" ಎಂದರು. "ಅಲುಗಬ್ಯಾಡ."

ನಾನು ಅಲುಗಲಿಲ್ಲ.