ವಿದ್ಯಾಳ ಹೃದಯದ ಚಿತ್ರ

ರೋಗಿಯ ಜೊತೆ ಆಸ್ಪತ್ರೆಗೆ ಹೋಗುವವನಿಗೆ ಧೈರ್ಯವಿರಬೇಕು ಎನ್ನುತ್ತಾರೆ. ಅದು ನನಗಿದೆ ಎಂದು ನಮ್ಮ ಮನೆಯಲ್ಲಿ ಯಾರು ಸುದ್ದಿ ಹಬ್ಬಿಸಿದರೋ ತಿಳಿಯದು; ನನ್ನ ದಪ್ಪ ಮೀಸೆಯೇ ಕಾರಣವಿರಬೇಕು. ಹೀಗಾಗಿ ತಂಗಿಯ ಮಗಳು ವಿದ್ಯಾಳನ್ನು ರಾಮದುರ್ಗದಿಂದ ಬೆಳಗಾವಿಗೆ ಸ್ಕ್ಯಾನಿಂಗಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ವಿದ್ಯಾಳಿಗೆ ಹುಟ್ಟಿನಿಂದ ಥಲಸ್ಸೇಮಿಯಾ. ಮೈ ತಾನೇ ಸಾಕಷ್ಟು ರಕ್ತ ಮಾಡಿಕೊಳ್ಳದು. ಮೇಲಿಂದ ಮೇಲೆ ಹೊರಗಿನಿಂದ ಏರಿಸಬೇಕು. ಹಾಗೆ ಏರಿಸಿದ ರಕ್ತದ ಕಬ್ಬಿಣ ಹೊರಹೋಗದೆ ಒಳಗೇ ಕೂಡುತ್ತದೆ. ಶಕ್ತಿ ಬರಲೆಂದು ವರ್ಷಗಟ್ಟಲೆ ಕಬ್ಬಿಣದ ಟಾನಿಕ್ ಕುಡಿದ ನನಗೆ, ಕಬ್ಬಿಣ ಹೊರಹಾಕಲು ಗುಳಿಗೆ ನುಂಗುವ ಹುಡುಗಿ ವಿಚಿತ್ರವಾಗಿಯೇ ಕಂಡಿದ್ದಳು. ಕಾಲೇಜು ಪರೀಕ್ಷೆಯ ಗಡಿಬಿಡಿಯಲ್ಲಿ ಆ ಗುಳಿಗೆಗಳನ್ನು ಅವಳು ಬಿಟ್ಟುಬಿಟ್ಟಿದ್ದಳು. "ಕಬ್ಬಿಣ ಹೃದಯದಾಗ ಕುಂತೈತೇನು ನೋಡಬೇಕ್ರಿ" ಎಂದರು ಡಾಕ್ಟರು. ಅಂದಿನಿಂದ ತಂಗಿಯ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ.

ಬಸ್ಸು ಯರಗಟ್ಟಿ ದಾಟಿದಾಗ ನಾನು ಕೇಳಿಯೇಬಿಟ್ಟೆ: "ವಿದ್ಯಾ, ಆ ಸ್ಕ್ಯಾನಿಂಗ್ ಮಷಿನ್ ಅಂದ್ರ ದೊಡ್ಡ ಅಯಸ್ಕಾಂತ ಅಂತ. ನಿನ್ನೊಳಗ ನೋಡಿದ್ರ ಕಬ್ಬಿಣ. ಜಗ್ಗಿಬಿಟ್ರ?"

"ನಾ ಏನ್ ಮೊಳಿ ಡಬ್ಬಿ ಏನ ಮಾಮಾ? ಜಗ್ಗಿದ್ರ ನೀ ಹಿಡ್ಕೊ" ಎಂದು ನಕ್ಕಳು. ಆದರೆ ಮುಂದಿನ ಸೀಟಿನ ಕಂಬಿ ಹಿಡಿದ ಅವಳ ಕೈ ಸಡಿಲವಾಗಲಿಲ್ಲ.

ಬೆಳಗಾವಿಯ ಆಸ್ಪತ್ರೆಯಲ್ಲಿ, ಗಾಜಿನ ಆಚೆ ಅವಳು ಆ ಮಷಿನ್ನಿನ ಗುಂಡನೆಯ ಗುಹೆಯೊಳಗೆ ಸರಿದಳು. ಈಚೆ ಕುಳಿತ ಮೇಡಂ ಮೈಕಿನಲ್ಲಿ, "ಉಸರ ತಗೊ... ಹಿಡಿ... ಬಿಡು" ಎನ್ನುತ್ತಿದ್ದರು. ಯಾರಿಗೆ ಹೇಳಿದ್ದು ಎಂಬುದು ಮರೆತು ನಾನೂ ಹಿಡಿದೆ. ವಿದ್ಯಾ ಚೆನ್ನಾಗಿ ಹಿಡಿದಳು. ನನಗೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿಯಬೇಕಾಯಿತು.

ಮುಗಿದ ಮೇಲೆ ಅಲ್ಲಿಯ ಡಾಕ್ಟರು ನಮ್ಮಿಬ್ಬರನ್ನೂ ಕರೆದು ಪರದೆ ತೋರಿಸಿದರು. "ಕಬ್ಬಿಣ ಇದ್ದಲ್ಲಿ ಚಿತ್ರ ಬ್ಯಾಗನ ಕಪ್ಪಾಗತೈತಿ. ಇದು ಲಿವರ್, ನೋಡ್ರಿ." ಸುಟ್ಟ ಬಾಣಲೆಯಷ್ಟು ಕಪ್ಪು. ವಿದ್ಯಾ ನನ್ನ ತೋಳು ಹಿಡಿದಳು. "ಇದು ಹೃದಯ."

ಒಂದು ಬೆಳ್ಳನೆಯ ಉಂಗುರ. ಅಗಲವಾಗುತ್ತಿತ್ತು, ಕಿರಿದಾಗುತ್ತಿತ್ತು. ಚಾಕು ಸೂಜಿ ಮುಟ್ಟಿಸದೆ, ನಾನು ಎತ್ತಿ ಆಡಿಸಿದ ಕೂಸಿನ ಹೃದಯವನ್ನು ನನ್ನೆದುರು ಇಟ್ಟಿದ್ದರು. ಅಷ್ಟು ವರ್ಷ ಯಾರ‍್ಯಾರದೋ ರಕ್ತವನ್ನು ತನ್ನದೆಂದು ತಿರುಗಿಸಿದ್ದು ಅದೇ. ಗುಡಿಯಲ್ಲೂ ನಾನು ಹಾಗೆ ಕೈಮುಗಿದು ನಿಂತದ್ದು ನೆನಪಿಲ್ಲ.

"ಇಲ್ಲಿ ಕಬ್ಬಿಣ ಇನ್ನೂ ಕುಂತಿಲ್ಲ" ಎಂದರು ಡಾಕ್ಟರು. " ಗುಳಿಗಿ ಬಿಡಬಾರ್ದವಾ."

"ಇನ್ನ ಬಿಡೂದಿಲ್ಲರಿ" ಎಂದು ವಿದ್ಯಾ ಕಣ್ಣೊರೆಸಿಕೊಂಡಳು. ಹಿರಿಯನಾಗಿ ನಾನು ನಾಲ್ಕು ಮಾತು ಹೇಳಬೇಕೆಂದು ಬಾಯಿ ತೆರೆದೆ. ಮಾತಿನ ಬದಲು ಹೋ ಎಂದು ಅಳು ಬಂತು. ಸದ್ದು ಕೇಳಿ ನರ್ಸಮ್ಮ ಓಡಿಬಂದು ನನ್ನ ಬೆನ್ನು ಸವರಿದಳು.

"ಅಂಜಬ್ಯಾಡ್ರಿ ಕಾಕಾರ. ನಿಮ್ಮ ಸ್ಕ್ಯಾನಿಂಗ್ ಇನ್ನೂ ಚಾಲೂನ ಆಗಿಲ್ಲ."