ಫ್ರಿಜ್ಜಿನೊಳಗಿನ ಕೆರೆ

ನಮ್ಮ ಅತ್ತೆಯವರಿಗೆ ದೇವರ ಮೇಲೆ ನಂಬಿಕೆ ಇದೆ. ಹಬ್ಬದ ದಿನ ಸೊಸೆಯ ಮೇಲೂ ಒಂದಿಷ್ಟು ಇರುತ್ತದೆ. ನೀರಿನ ಮೇಲೆ ಮಾತ್ರ ಎಳ್ಳಷ್ಟೂ ಇಲ್ಲ!

ಹಾನಗಲ್ಲಿನಲ್ಲಿ ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಿದರು. ನಮ್ಮೂರಿಂದ ಹೋದವರೆಲ್ಲ ಊಟ ಮಾಡಿ ಬಂದರು, ಇವರು ಕಲಿತುಕೊಂಡೂ ಬಂದುಬಿಟ್ಟರು! ಅಂದಿನಿಂದ ದಿನಾ ಬೆಳಗ್ಗೆ ಕೆರೆಗೆ ಸವಾರಿ. ಮುಂದೆ ಬಾಟಲಿ ಹಿಡಿದ ಅತ್ತೆ, ಹಿಂದೆ ಕೊಡೆಯಲ್ಲಿ ಮುಖ ಮುಚ್ಚಿಕೊಂಡ ನಾನು. ತುಂಬಿದ ಬಾಟಲಿಗೆ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಜಾಗ. ಮರುದಿನ ಹಸಿರು ತಳಕ್ಕೆ ಕೂತರೆ ಸಮಾಧಾನ. ಕೆನೆಯಂತೆ ಮೇಲೆ ತೇಲಿದರೆ ವಿಷಪಾಚಿಯ ಅನುಮಾನ.

ಒಮ್ಮೆ ನನ್ನ ತಮ್ಮ ಸವಣೂರಿನಿಂದ ಖಾರಾ ತಂದ. ಅರ್ಧ ತಾನೇ ತಿಂದು, ಬಾಯಿ ಉರಿದು, ಪುದೀನಾ ಶರಬತ್ತೆಂದು ಆ ಬಾಟಲಿಯನ್ನೇ ಎತ್ತಿದ. ಅತ್ತೆ ಹಾರಿಬಂದು ಕಸಿದುಕೊಂಡರು.

“ನನ್ನ ಜೀವಾ ಉಳಿಸಿದ್ರಿ!”

“ನಿನ್ನ ಜೀವಾ ಇರ್ಲಪಾ, ಸಾಂಪಲ್ ಅಳ್ಳಾಡಿಸಿಬಿಟ್ಯಲ್ಲೋ!”

ಹೋದ ಬೇಸಿಗೆಯಲ್ಲಿ ಯಾರೋ ಬಣ್ಣ ಸುರಿದಂತೆ ಕೆರೆ ಹಸಿರಾಯಿತು. ಬಾಟಲಿಯಲ್ಲಿ ಕೆನೆ ತೇಲಿತು. ಅತ್ತೆ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದವರೇ, ಕೆರೆಯ ಮೆಟ್ಟಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿ ಕೂತರು. ಪಕ್ಕದ ಮನೆಯ ಗಂಗಕ್ಕ ತನ್ನ ಗಬ್ಬದ ಎಮ್ಮೆ ಹೊಡೆದುಕೊಂಡು ಬಂದಳು.

“ಸರೀರಿ, ಎಮ್ಮಿ ನೀರ ಕುಡೀಬೇಕು.”

“ಬ್ಯಾಡವಾ, ವಿಷ ಐತಿ.”

“ನಾವ ಇದನ್ನ ಕುದಿಸಿ ಕುಡಿಯಾಕತ್ತೇವಲ್ಲ!”

“ಕುದಿಸಿದ್ರೂ ಈ ವಿಷ ಹೋಗಂಗಿಲ್ಲ. ಬೋರಿನ ನೀರ ಹಾಕು.”

“ಯಾರ ಹೊರಬೇಕ್ರಿ? ನಿಮ್ಮ ಸೊಸಿ ಹೊರ್ತಾಳೇನು?”

“ಹೊರ್ತಾಳ!”

ನನ್ನನ್ನು ಯಾರಾದರೂ ಕೇಳಿದರೇ? ದಿನಾ ಎಂಟೆಂಟು ಕೊಡ ಹೊತ್ತೆ. ಊರೆಲ್ಲ ನಕ್ಕಿತು. ನಾಲ್ಕನೆಯ ದಿನ, ಆಚೆ ದಡದಲ್ಲಿ ನೀರು ಕುಡಿದ ಎರಡು ಆಡು ಸತ್ತವು. ನಗು ನಿಂತಿತು. ಪ್ರಯೋಗಾಲಯದ ವರದಿಯೂ ವಿಷವೆಂದೇ ಹೇಳಿತು. ಕೆರೆಗೆ ಎಚ್ಚರಿಕೆಯ ಫಲಕ, ಊರಿಗೆ ಟ್ಯಾಂಕರ್ ಬಂತು. ಒಬ್ಬರಿಗೂ ವಾಂತಿ-ಭೇದಿ ಆಗಲಿಲ್ಲ.

ಮುಂಗಾರು ಸುರಿದು ಕೆರೆ ತಿಳಿಯಾದ ವಾರವೇ ಗಂಗಕ್ಕ ಮುಚ್ಚಿದ ತಟ್ಟೆ ಹಿಡಿದು ಬಂದಳು. “ಎಮ್ಮಿ ಈದೈತ್ರಿ. ತಾಯಿ, ಕರಾ ಎರಡೂ ಆರಾಮ ಅದಾವು.” ತಟ್ಟೆ ತುಂಬ ಗಿಣ್ಣ!

ಅತ್ತೆ ಒಂದು ತುಂಡು ಮುರಿದರು. ದೇವರಿಗೆ ಹಿಡಿಯುತ್ತಾರೆ ಅಂದುಕೊಂಡೆ. ನನ್ನ ಬಾಯಿಗೆ ಹಿಡಿದರು.

“ಕೊಡಾ ಹೊತ್ತು ನಡಾ ಹಿಡದಿತ್ತಲ್ಲ ನಿಂದು, ಕಡಿಮಿ ಆತೇನವಾ?”

ಬಾಯಿ ತುಂಬ ಗಿಣ್ಣ, ಹೇಗೆ ಹೇಳಲಿ? ಉತ್ತರಕ್ಕೆ ಕಾಯದೆ ಅವರು ಎದ್ದು, ಎಣ್ಣೆ ಬಿಸಿ ಮಾಡಲು ಒಳಗೆ ಹೋದರು.